ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಉಸಿರು ಅಳೆಸಿದ್ರಾ?

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಬ್ಬರ ಕೆಮ್ಮಿನ ಪ್ರಶ್ನೆಗೆ ಉತ್ತರ ಬರೀತಾ "ಒಂದ್ಸಲ ಊದೋ ಟೆಸ್ಟ್ ಮಾಡಿಸಿಬಿಡಿ" ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಅದಾದ್ಮೇಲೆ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜು ಎಲ್ಲಾ ನೋಡಿದ್ರೆ ಅರ್ಧಕ್ಕರ್ಧ ಅದರ ಬಗ್ಗೇನೇ. ಏನದು ಊದೋದು, ಎಲ್ಲಿ ಮಾಡ್ತಾರೆ, ನೋವಾಗುತ್ತಾ, ಇಷ್ಟು ವರ್ಷ ನಮ್ಮ ಡಾಕ್ಟ್ರು ಯಾಕೆ ಹೇಳೇ ಇಲ್ಲ, ಹೀಗೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ, ಅಂದ್ರೆ ಮೆಷಿನ್ನಿಗೆ ಊದಿಸಿ ಉಸಿರು ಅಳೆಯೋ ಟೆಸ್ಟಿಗೇ. ನಾನು ಎದೆರೋಗ ತಜ್ಞ ಅಲ್ಲ, ತಾಲ್ಲೂಕು ಊರಲ್ಲಿ ಇಪ್ಪತ್ತೈದು ವರ್ಷದಿಂದ ಕ್ಲಿನಿಕ್ ಇಟ್ಕೊಂಡಿರೋ ಫ್ಯಾಮಿಲಿ ಡಾಕ್ಟರ್, ಅದನ್ನ ಮನಸ್ಸಲ್ಲಿಟ್ಕೊಂಡು ಓದಿ.

ಪ್ರಶ್ನೆ: ಸರ್, ನಮ್ಮ ಅವ್ವಗ ಈಗ 56 ವರ್ಷ. ಬೀಡಿ ಸಿಗರೇಟು ಅಂತೂ ದೂರ, ಎಲಿ ಅಡಿಕಿ ಸೈತ ಹಾಕಂಗಿಲ್ಲ. ಮೂರು ವರ್ಷದಿಂದ ಚಳಿಗಾಲ ಬಂತಂದ್ರ ಕೆಮ್ಮು, ಕಫ, ದಮ್ಮು. ನೀರಿನ ಕೊಡ ಹೊತ್ಕೊಂಡು ಬರೂದ್ರಾಗ ಎರಡು ಸಲ ನಿಲ್ತಾಳ. ಊರಾಗಿನ ಡಾಕ್ಟರ ಕಡೆ ಹೋದ್ರ ಡೆರಿಫಿಲಿನ್ ಇಂಜೆಕ್ಷನ್ ಮಾಡಿ ಗುಳಿಗಿ ಕೊಡ್ತಾರ, ನಾಕು ದಿನ ಆರಾಮ, ಮತ್ತ ಅದೇ ಹಾಡು. ಎಕ್ಸ್‌ರೇ ತಗಸೇವಿ, ಕ್ಲಿಯರ್ ಐತಿ ಅಂದ್ರು. ವಯಸ್ಸಾತು ಅಂತಾರ. 56 ಏನು ವಯಸ್ಸೇನ್ರಿ ಸರ್?
– ಹೆಸರು ಬೇಡ ಅಂದ ಮಗಳು, ಹಾವೇರಿ ಜಿಲ್ಲೆ

ಉತ್ತರ: ಅಲ್ಲಮ್ಮ, 56 ಖಂಡಿತ ದಮ್ಮು ಹತ್ತೋ ವಯಸ್ಸಲ್ಲ. ಕಾಗದದಲ್ಲಿ ನೀನು ಒಂದು ವಿಷಯ ಬರೆದಿಲ್ಲ, ಆದ್ರೆ ನಾನು ಊಹೆ ಮಾಡಬಲ್ಲೆ. ಅವ್ವ ಅಡುಗೆ ಮಾಡಿದ್ದು ಯಾವುದರಲ್ಲಿ? ಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು, ಅಲ್ವಾ? ಮದುವೆಯಾಗಿ ಬಂದಾಗಿಂದ ದಿನಕ್ಕೆ ನಾಲ್ಕು ಗಂಟೆ ಒಲೆ ಮುಂದೆ ಕೂತಿದ್ರೆ, ರೊಟ್ಟಿ ಬಡಿಯೋ ಮನೆ ಅಂದ್ರೆ ನಾಲ್ಕು ಗಂಟೆ ಏನೂ ಜಾಸ್ತಿ ಅಲ್ಲ, ಆ ಹೊಗೆ ಎಲ್ಲಿಗೆ ಹೋಗಿರುತ್ತೆ ಹೇಳು. ಡಾಕ್ಟರುಗಳು ಇದಕ್ಕೆ ಒಂದು ಸುಲಭದ ಲೆಕ್ಕ ಇಟ್ಕೊಂಡಿದ್ದಾರೆ, ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಇದ್ರು ಅನ್ನೋದನ್ನ ಎಷ್ಟು ವರ್ಷ ಅನ್ನೋದರಿಂದ ಗುಣಿಸೋದು. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ಮಾಡಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಈ ಗುಣಾಕಾರ 60 ಮುಟ್ಟಿದ್ರೆ ಸಾಕು, ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆ ಬರೋ ಸಾಧ್ಯತೆ ಏರುತ್ತೆ ಅಂತ ಕಂಡುಬಂತು. 60 ಅಂದ್ರೆ ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ನಿಮ್ಮವ್ವಂದು ನಾಲ್ಕು ಗಂಟೆ, ಮೂವತ್ತೈದು ವರ್ಷ ಅಂತ ಇಟ್ಕೊಂಡ್ರೂ 140. ಬೀಡಿ ಮುಟ್ಟದೇ ಇರೋ ಹೆಂಗಸಿಗೆ ಈ ಕಾಯಿಲೆ ಬರೋದಿಲ್ಲ ಅಂತ ನಾವೇ ಡಾಕ್ಟರುಗಳು ತುಂಬಾ ವರ್ಷ ಅಂದ್ಕೊಂಡಿದ್ವಿ, ಅದು ತಪ್ಪು.

ಮೊದಲನೇ ಕೆಲಸ, ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಲೇಬೇಕು, ಟಿಬಿ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ಲದೆ ಮಾಡ್ತಾರೆ. ಅದು ಇಲ್ಲ ಅಂತಾದ್ರೆ ಎರಡನೇದು ಈ ಊದೋ ಟೆಸ್ಟು. ಇದಕ್ಕೆ ಸ್ಪೈರೋಮೆಟ್ರಿ ಅಂತ ಹೆಸರು, ಚೀಟೀಲಿ ಪಿಎಫ್‌ಟಿ ಅಂತ ಬರೀತಾರೆ.

ಎಕ್ಸ್‌ರೇ ಕ್ಲಿಯರ್ ಇದ್ದಿದ್ದು ಹೇಗೆ ಅಂತ ನಿನಗೆ ಅನ್ನಿಸ್ಬಹುದು. ಎಕ್ಸ್‌ರೇ ಒಂದು ಫೋಟೋ ಅಮ್ಮ. ಮನೆ ಫೋಟೋ ನೋಡಿ ನಲ್ಲೀಲಿ ನೀರು ಜೋರಾಗಿ ಬರುತ್ತೋ ಸಣ್ಣಗೆ ಬರುತ್ತೋ ಹೇಳೋಕಾಗುತ್ತಾ? ಪೈಪಿನ ಒಳಗಡೆ ಪಾಚಿ ಕಟ್ಟಿದ್ರೆ ಹೊರಗಿನಿಂದ ಕಾಣಲ್ಲ, ನಲ್ಲಿ ತಿರುಗಿಸಿ ಬಕೆಟ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತೆ ಅಂತ ನೋಡಬೇಕು. ಊದೋ ಟೆಸ್ಟಲ್ಲಿ ಮಾಡೋದು ಅದನ್ನೇ. ಒಳಗೆ ತುಂಬಿಕೊಂಡ ಉಸಿರು ಒಟ್ಟು ಎಷ್ಟು ಲೀಟರ್ ಹೊರಗೆ ಬಂತು ಅನ್ನೋದು ಒಂದು ಸಂಖ್ಯೆ, ಅದು ಎಫ್‌ವಿಸಿ. ಅದರಲ್ಲಿ ಮೊದಲನೇ ಒಂದೇ ಒಂದು ಸೆಕೆಂಡಲ್ಲಿ ಎಷ್ಟು ಬಂತು ಅನ್ನೋದು ಇನ್ನೊಂದು, ಎಫ್‌ಇವಿ1. ಉಸಿರಿನ ನಾಳ ಆರೋಗ್ಯವಾಗಿರೋರಿಗೆ ಒಟ್ಟು ಗಾಳಿಯ ಮುಕ್ಕಾಲು ಭಾಗ ಆ ಮೊದಲ ಸೆಕೆಂಡಲ್ಲೇ ಹೊರಗೆ ಬಿದ್ದುಬಿಡುತ್ತೆ. ನಾಳ ಕಿರಿದಾಗಿದ್ರೆ ಗಾಳಿ ಎಳ್ಕೊಂಡು ಎಳ್ಕೊಂಡು ಬರುತ್ತೆ. ನಾಳ ಹಿಗ್ಗಿಸೋ ಔಷಧಿ ಕೊಟ್ಟ ಮೇಲೂ ಆ ಪಾಲು ನೂರಕ್ಕೆ 70ಕ್ಕಿಂತ ಕಮ್ಮಿ ಇದ್ದು, ಜೊತೆಗೆ ನೀನು ಬರೆದಂಥ ಕೆಮ್ಮು ದಮ್ಮು, ಹೊಗೆ ಕುಡಿದ ಇತಿಹಾಸ ಇದ್ರೆ ಅದು ಸಿಒಪಿಡಿ, ಅಂದ್ರೆ ಉಸಿರಿನ ನಾಳ ಕಾಯಂ ಆಗಿ ಕಿರಿದಾಗೋ ಕಾಯಿಲೆ.

ಹೋದ ವರ್ಷ ನನ್ನ ಹತ್ರ ಹೆಚ್ಚು ಕಮ್ಮಿ ನಿಮ್ಮವ್ವನ ವಯಸ್ಸಿನವರೇ ಒಬ್ಬರು ಬಂದಿದ್ರು. ಮೊದಲ ಸಲ ಊದಿದಾಗ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು, ಸೊಸೆ ಮುಂದೆ ನಾಚಿಕೊಂಡು, ದೀಪ ಆರಿಸೋ ಥರ ಉಫ್ ಅಂತ ಊದಿ ನಿಲ್ಲಿಸಿಬಿಟ್ರು. ಅದು ಲೆಕ್ಕಕ್ಕಿಲ್ಲ. "ಅಮ್ಮ, ಒಲೆ ಉರೀಬೇಕಾದ್ರೆ ಊದುಕೊಳವೇಲಿ ಹೇಗೆ ಊದ್ತೀರಿ, ಹಾಗೆ ಊದಿ, ಬೆಂಕಿ ಹತ್ತೋವರೆಗೂ ಬಿಡಬೇಡಿ" ಅಂದೆ. ಆಗ ನೋಡಿ ಕಣ್ಣು ಮುಚ್ಚಿಕೊಂಡು, ಕತ್ತಿನ ನರ ಉಬ್ಬಿ ಬರೋ ಹಾಗೆ ಊದಿದ್ರು. ಒಟ್ಟು ಬಂದದ್ದು 1.90 ಲೀಟರ್, ಮೊದಲ ಸೆಕೆಂಡಲ್ಲಿ 1.05 ಅಷ್ಟೇ. ಅಂದ್ರೆ 55 ಪಾಲು. ನಾಳ ಹಿಗ್ಗಿಸೋ ಸಾಲ್ಬುಟಮಾಲ್ ಪಂಪ್ (ಇನ್ಹೇಲರ್) ನಾಲ್ಕು ಪಫ್ ಕೊಟ್ಟು, ಹದಿನೈದು ನಿಮಿಷ ಹೊರಗೆ ಬೆಂಚಲ್ಲಿ ಕೂರಿಸಿ ಮತ್ತೆ ಊದಿಸಿದ್ರೆ 1.12. ಏನೂ ದೊಡ್ಡ ವ್ಯತ್ಯಾಸ ಇಲ್ಲ. ಆ ಚೀಟಿ ಪ್ರಿಂಟ್ ಆಗಿ ಬಂದಾಗ ನನಗೆ ಹೊಟ್ಟೆ ಹಿಂಡಿದಂಗಾಯ್ತು, ಯಾಕಂದ್ರೆ ಮೆಷಿನ್ ತಗೊಳ್ಳೋಕೆ ಮುಂಚೆ ಒಂಬತ್ತು ವರ್ಷ ಇದೇ ಹೆಂಗಸಿಗೆ ನಾನೇ ಕೆಮ್ಮಿನ ಸಿರಪ್ಪು, ಇಂಜೆಕ್ಷನ್ನು, ಆಗಾಗ ಆಂಟಿಬಯಾಟಿಕ್ ಬರೆದು ಕಳಿಸಿದ್ದೆ. ಒಂದ್ಸಲಾನಾದ್ರೂ ಅಳೆದಿದ್ರೆ ಗೊತ್ತಾಗ್ತಿತ್ತು.

ಡೆರಿಫಿಲಿನ್ ವಿಷ ಅಂತ ನಾನು ಹೇಳ್ತಿಲ್ಲ, ಆದ್ರೆ ಅದರಿಂದ ಸಿಗೋದು ಆ ಹೊತ್ತಿನ ನಿರಾಳ ಮಾತ್ರ. ಅವ್ವನ್ನ ಹಾವೇರಿ ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿ ಮೆಡಿಕಲ್ ಕಾಲೇಜಿನ ಎದೆರೋಗ ವಿಭಾಗಕ್ಕೋ ಕರ್ಕೊಂಡು ಹೋಗು, ಹೋಗೋಕೆ ಮುಂಚೆ ಫೋನ್ ಮಾಡಿ ಪಿಎಫ್‌ಟಿ ಯಾವ ದಿನ ಮಾಡ್ತಾರೆ ಅಂತ ಕೇಳ್ಕೋ. ಹಳೇ ಎಕ್ಸ್‌ರೇ, ಹಳೇ ಚೀಟಿ ಎಲ್ಲಾ ಒಂದು ಕೈಚೀಲದಲ್ಲಿ ಹಾಕ್ಕೊಂಡು ಹೋಗು.

ಪ್ರಶ್ನೆ: ಕೋವಿಡ್ ಟೈಮಲ್ಲಿ ತಗೊಂಡ ಆಕ್ಸಿಮೀಟರ್ ಮನೇಲಿದೆ. ಬೆರಳಿಗೆ ಹಾಕಿದ್ರೆ ಯಾವಾಗ್ಲೂ 97, 98 ತೋರಿಸುತ್ತೆ. ಆದ್ರೆ ಎರಡನೇ ಮಹಡಿ ಹತ್ತೋಷ್ಟರಲ್ಲಿ ಏದುಸಿರು. ವಯಸ್ಸು 47, ದಿನಕ್ಕೆ ಒಂದು ಪ್ಯಾಕ್ ಸಿಗರೇಟು, 25 ವರ್ಷದಿಂದ. 97 ಇದೆ ಅಂದ್ಮೇಲೆ ಲಂಗ್ಸ್ ಚೆನ್ನಾಗಿದೆ ಅಂತ ತಾನೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ ಸ್ವಾಮಿ. ಆಕ್ಸಿಮೀಟರ್ ಹೇಳೋದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ. ಶ್ವಾಸಕೋಶಕ್ಕೆ ದೇವರು ಬೇಕಾದಷ್ಟು ಹೆಚ್ಚುವರಿ ಕೊಟ್ಟಿದ್ದಾನೆ, ಸುಮಾರು ಭಾಗ ಕೆಟ್ಟರೂ ಸುಮ್ನೆ ಕೂತಿರುವಾಗ ಆ ನಂಬರ್ ಇಳಿಯೋದೇ ಇಲ್ಲ, ಇಳಿಯೋ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತೆ. ನಿಮಗೆ ಸುಸ್ತು ಇದೆ, 25 ವರ್ಷದ ಸಿಗರೇಟು ಇದೆ, ಇಷ್ಟು ಸಾಕು, ಊದೋ ಟೆಸ್ಟ್ ಆಗಲೇಬೇಕು. ಜೊತೆಗೆ ಒಂದು ಇಸಿಜಿ, ಹಿಮೋಗ್ಲೋಬಿನ್ನೂ ನೋಡಿಸಿ, ಏದುಸಿರು ಹೃದಯದಿಂದಲೂ ಬರುತ್ತೆ, ರಕ್ತ ಕಮ್ಮಿ ಇದ್ರೂ ಬರುತ್ತೆ.

ಇನ್ನೊಂದು ಮಾತು. ಇಪ್ಪತ್ತೈದು ಮೂವತ್ತು ವಯಸ್ಸು ದಾಟಿದ ಮೇಲೆ ಎಲ್ರಿಗೂ ಆ ಮೊದಲ ಸೆಕೆಂಡಿನ ಉಸಿರು ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಇಳೀತಾ ಹೋಗುತ್ತೆ, ಅದು ಸಹಜ. ಹೊಗೆ ತಡ್ಕೊಳ್ಳದ ಶ್ವಾಸಕೋಶದವರು ಸೇದ್ತಾ ಹೋದ್ರೆ ಇಳಿಯೋ ವೇಗ ಅದರ ಎರಡರಷ್ಟಾಗಬಹುದು. ಹೋದದ್ದು ವಾಪಸ್ ಬರಲ್ಲ, ಆದ್ರೆ ಬಿಟ್ಟ ದಿನದಿಂದ ಇಳಿಯೋ ವೇಗ ಸೇದದವರ ಹತ್ತಿರ ಹತ್ತಿರ ಬರುತ್ತೆ. ಇಂಗ್ಲೆಂಡಿನ ಹಾರ್ಟ್‌ಫರ್ಡ್‌ಶೈರ್‌ನಲ್ಲಿ ಐದು ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್ಕುಗಳಲ್ಲಿ 561 ಜನ ಸಿಗರೇಟ್ ಸೇದೋರಿಗೆ ಊದೋ ಟೆಸ್ಟ್ ಮಾಡಿ, ಅರ್ಧ ಜನಕ್ಕೆ ಬರೀ ನಂಬರ್ ಕೊಟ್ರು, ಇನ್ನರ್ಧ ಜನಕ್ಕೆ "ನಿಮ್ಮ ಶ್ವಾಸಕೋಶದ ವಯಸ್ಸು ಇಷ್ಟು" ಅಂತ (ಅಷ್ಟೇ ಊದೋ ಆರೋಗ್ಯವಂತರ ಸರಾಸರಿ ವಯಸ್ಸು) ಬಿಡಿಸಿ ಹೇಳಿದ್ರು. ಒಂದು ವರ್ಷ ಆದ್ಮೇಲೆ ನೋಡಿದ್ರೆ ಬರೀ ನಂಬರ್ ಕೊಟ್ಟೋರಲ್ಲಿ ನೂರಕ್ಕೆ 6.4 ಜನ ಸಿಗರೇಟ್ ಬಿಟ್ಟಿದ್ರು, ವಯಸ್ಸು ಕೇಳಿದೋರಲ್ಲಿ 13.6. ಇದು 2008ರಲ್ಲಿ ಪ್ರಕಟವಾದದ್ದು. ಔಷಧಿ ಏನೂ ಇಲ್ಲ, ಬರೀ ಅರ್ಥ ಆಗೋ ಹಾಗೆ ಹೇಳಿದ್ದು. ಅದನ್ನ ಓದಿದ ಮೇಲೆ ನಾನೂ ಚೀಟಿ ಕೊಟ್ಟು ಕಳಿಸಿಬಿಡಲ್ಲ, ಕೂರಿಸಿ ರಿಪೋರ್ಟಿನ ಗ್ರಾಫಲ್ಲಿರೋ ಗೆರೆ ಮೇಲೆ ಪೆನ್ನಿಟ್ಟು ತೋರಿಸ್ತೀನಿ. ನೀವೂ ನಿಮ್ಮ ಡಾಕ್ಟರನ್ನ ಹಾಗೇ ಕೇಳಿ, "ಸರ್, ನನ್ನ ಲಂಗ್ಸ್ ವಯಸ್ಸೆಷ್ಟು?"

ಪ್ರಶ್ನೆ: ನಮ್ಮ ತಂದೆಗೆ ಪಿಎಫ್‌ಟಿ ಬರೆದಿದ್ದಾರೆ. 71 ವರ್ಷ, ಹೋದ ವಾರ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಮೆಷಿನ್ ಅಂದ್ರೇನೇ ಹೆದರ್ತಾರೆ. ಏನೇನು ತಯಾರಿ ಮಾಡ್ಕೊಂಡು ಹೋಗ್ಬೇಕು? ಖಾಲಿ ಹೊಟ್ಟೇಲಿ ಹೋಗ್ಬೇಕಾ?
– ಓದುಗರು, ತುಮಕೂರು

ಉತ್ತರ: ಕಣ್ಣಿನ ಆಪರೇಷನ್ ಹೊಸದಾಗಿ ಆಗಿದೆ ಅಂದ್ರೆ ಅವಸರ ಬೇಡ. ಜೋರಾಗಿ ಊದುವಾಗ ಕಣ್ಣಿನ ಒಳಗಿನ ಒತ್ತಡ ಏರುತ್ತೆ. ಕಣ್ಣಿನ ಡಾಕ್ಟರನ್ನ ಕೇಳಿ ಅವರು ಸರಿ ಅಂದ ಮೇಲೆ ಡೇಟ್ ಹಾಕ್ಸಿ, ನಾನಂತೂ ಇನ್ನೂ ಕೆಲವು ವಾರ ಕಾಯಿಸ್ತೀನಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದೋರು, ಎದೆ ಹೊಟ್ಟೆ ಆಪರೇಷನ್ ಆದೋರು, ಕಫದಲ್ಲಿ ರಕ್ತ ಬರ್ತಿರೋರು, ಟಿಬಿ ಇದೆ ಅನ್ನೋ ಅನುಮಾನ ಇರೋರು, ಇವರೆಲ್ಲ ಮೊದಲೇ ಹೇಳಬೇಕು. ಹೇಳದೆ ಹೋಗಿ ಊದಬಾರದು.

ಖಾಲಿ ಹೊಟ್ಟೆ ಬೇಡ, ಹಾಗಂತ ಮುದ್ದೆ ಊಟ ಹೊಟ್ಟೆ ಬಿರಿಯ ಮಾಡಿ ಹೋದ್ರೂ ಊದೋಕಾಗಲ್ಲ. ಎರಡು ಇಡ್ಲಿ ತಿಂದು ಹೋಗ್ಲಿ. ಪಂಚೆನೋ ಪ್ಯಾಂಟೋ, ಸೊಂಟದ ಹತ್ರ ಬಿಗಿ ಇರಬಾರದು. ಬೀಡಿ ಸೇದೋರಾಗಿದ್ರೆ ಕನಿಷ್ಠ ಒಂದು ಗಂಟೆ ಮುಂಚೆಯಿಂದ ಮುಟ್ಟಬಾರದು. ಪಂಪ್ ಬಳಸ್ತಿದ್ರೆ ಯಾವುದನ್ನ ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ಸಾಲ್ಬುಟಮಾಲ್ ಆದ್ರೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ, ಆದ್ರೆ ದಮ್ಮು ಜಾಸ್ತಿ ಆದ್ರೆ ಟೆಸ್ಟ್ ಹಾಳಾಗ್ಲಿ, ಮೊದಲು ಪಂಪ್ ತಗೊಳ್ಳಿ. ಹಲ್ಲಿನ ಸೆಟ್ ಗಟ್ಟಿ ಕೂತಿದ್ರೆ ಇರಲಿ, ಅಲ್ಲಾಡ್ತಿದ್ರೆ ತೆಗೆದಿಡಿ.

ಭಯಕ್ಕೆ ಕಾರಣ ಇಲ್ಲ. ಸೂಜಿ ಇಲ್ಲ, ಒಳಗೆ ತೂರಿಸೋದಿಲ್ಲ. ಕುರ್ಚೀಲಿ ನೆಟ್ಟಗೆ ಕೂರಿಸಿ ಮೂಗಿಗೆ ಒಂದು ಕ್ಲಿಪ್ ಹಾಕ್ತಾರೆ, ಬಾಯಿಗೆ ಒಂದು ಹೊಸ ಕೊಳವೆ. ಹೊಟ್ಟೆ ತುಂಬ ಉಸಿರು ಎಳ್ಕೊಂಡು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಸಲಕ್ಕೆ ಜೋರಾಗಿ ಬಿಟ್ಟು, ಆಮೇಲೆ ಇನ್ನು ಇಲ್ಲ ಅನ್ನಿಸೋವರೆಗೂ ಬಿಡ್ತಾನೇ ಇರಬೇಕು, ಆರು ಸೆಕೆಂಡಾದ್ರೂ. ಪಕ್ಕದಲ್ಲಿರೋರು "ಊದಿ ಊದಿ ಊದಿ, ಇನ್ನೂ ಇನ್ನೂ" ಅಂತ ಕಬಡ್ಡಿ ಮ್ಯಾಚಿನ ಥರ ಕೂಗ್ತಾರೆ, ಬೈತಿದ್ದಾರೆ ಅಂತ ತಂದೆ ಬೇಜಾರು ಮಾಡ್ಕೋಬಾರ್ದು, ಅದೇ ಅವರ ಕೆಲಸ. ಕನಿಷ್ಠ ಮೂರು ಸಲ ಸರಿಯಾಗಿ ಬರಬೇಕು. ತಲೆ ಸ್ವಲ್ಪ ಗಿರ್ ಅನ್ನಬಹುದು, ಎರಡು ನಿಮಿಷ ಕೂತ್ರೆ ಹೋಗುತ್ತೆ. ಮನೇಲಿ ಹಿಂದಿನ ದಿನ ಒಂದು ಖಾಲಿ ಪೆನ್ನಿನ ಕೊಳವೆ ಕೊಟ್ಟು ತುಟಿ ಮುಚ್ಚೋದನ್ನ ಅಭ್ಯಾಸ ಮಾಡಿಸಿ, ಅರ್ಧ ಭಯ ಅಲ್ಲೇ ಹೋಗುತ್ತೆ.

ಪ್ರಶ್ನೆ: ನಾನು ಎಂಬಿಬಿಎಸ್ ಮುಗಿಸಿ ಗಂಗಾವತಿ ಹತ್ತಿರ ಎರಡು ವರ್ಷದಿಂದ ಕ್ಲಿನಿಕ್ ನಡೆಸ್ತಿದೀನಿ ಸರ್. ರೈಸ್ ಮಿಲ್ ಕೆಲಸದವರು, ಹಮಾಲರು ಕೆಮ್ಮು ಅಂತ ಬರ್ತಾನೇ ಇರ್ತಾರೆ. ಸ್ಪೈರೋಮೀಟರ್ ತಗೊಳ್ಳಲಾ? ಹಿರಿಯರು "ಅದೆಲ್ಲ ಸ್ಪೆಷಲಿಸ್ಟ್ ಕೆಲಸ, ನಮಗ್ಯಾಕೆ" ಅಂತಾರೆ.
– ಯುವ ವೈದ್ಯೆ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಸಂತೋಷ ಆಯ್ತು ಡಾಕ್ಟ್ರೇ. ತಗೊಳ್ಳಿ ಅನ್ನೋದು ನನ್ನ ಉತ್ತರ, ಆದ್ರೆ ಕೆಲವು ಕಷ್ಟ ಹೇಳಿಬಿಡ್ತೀನಿ.

ಲಂಡನ್ನಿನಲ್ಲಿ ಜಾನ್ ಹಚಿನ್‌ಸನ್ ಅನ್ನೋ ಡಾಕ್ಟರು ಎರಡು ಸಾವಿರಕ್ಕೂ ಹೆಚ್ಚು ಜನರನ್ನ ಊದಿಸಿ ಉಸಿರು ಅಳೆದ ಲೆಕ್ಕ ಪ್ರಕಟಿಸಿದ್ದು 1846ರಲ್ಲಿ. ನಾವೆಲ್ಲ ತೋಳಿಗೆ ಸುತ್ತೋ ಬಿಪಿ ಪಟ್ಟಿಯನ್ನ ಇಟಲಿಯಲ್ಲಿ ರೀವಾ ರೋಚಿ ಅನ್ನೋರು ಕೊಟ್ಟಿದ್ದು 1896ರಲ್ಲಿ. ಅಂದ್ರೆ ಉಸಿರು ಅಳೆಯೋ ಯಂತ್ರ ಬಿಪಿ ಪಟ್ಟಿಗಿಂತ ಐವತ್ತು ವರ್ಷ ದೊಡ್ಡದು. ಇವತ್ತು ಬಿಪಿ ಮೆಷಿನ್ ಇಲ್ಲದ ಕ್ಲಿನಿಕ್ ಇಲ್ಲ, ಮೆಡಿಕಲ್ ಶಾಪಲ್ಲೂ ನೋಡ್ತಾರೆ. ಶುಗರ್ ಗ್ಲೂಕೋಮೀಟರ್ ಅಜ್ಜಿಯರ ಕೈಯಲ್ಲೂ ಇದೆ. ಉಸಿರನ್ನ ಮಾತ್ರ ಈಗಲೂ ಸ್ಟೆತಸ್ಕೋಪ್ ಇಟ್ಟು "ಸ್ವಲ್ಪ ಸುಂಯ್ ಅಂತಿದೆ" ಅಂತ ಅಂದಾಜಲ್ಲೇ ಹೇಳ್ತೀವಿ. 2016ರ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಸುಮಾರು 5.5 ಕೋಟಿ ಜನಕ್ಕೆ ಸಿಒಪಿಡಿ ಇದೆ ಅಂತ ಅಂದಾಜು ಮಾಡಿದ್ರು, ಜಗತ್ತಿನ ಜನಸಂಖ್ಯೆಯಲ್ಲಿ ನಾವು ನೂರಕ್ಕೆ 18, ದೀರ್ಘಕಾಲದ ಉಸಿರಾಟದ ಕಾಯಿಲೆಗಳ ಹೊರೆಯಲ್ಲಿ ನೂರಕ್ಕೆ 32. ಇಷ್ಟು ಜನಾನ ಸ್ಪೆಷಲಿಸ್ಟುಗಳೇ ನೋಡ್ಬೇಕು ಅಂದ್ರೆ ಆಗೋ ಮಾತಾ? ಬ್ರಿಟನ್ನಿನಲ್ಲಿ 2004ರಿಂದ ಫ್ಯಾಮಿಲಿ ಡಾಕ್ಟರುಗಳಿಗೆ ಕೆಲಸ ನೋಡಿ ಹಣ ಕೊಡೋ ಪದ್ಧತಿ ಬಂದಾಗ, ಸಿಒಪಿಡಿ ಅಂತ ಬರೆದ ರೋಗಿಗೆ ಊದೋ ಟೆಸ್ಟಿಂದ ಖಚಿತ ಮಾಡಿದ್ದೀರಾ ಅನ್ನೋದನ್ನೂ ಆ ಲೆಕ್ಕಕ್ಕೆ ಸೇರಿಸಿದ್ರು.

ಈಗ ಕಷ್ಟ. ಮೆಷಿನ್ ತಗೊಳ್ಳೋದು ಸುಲಭ, ಊದಿಸೋದು ಕಷ್ಟ. ಔಷಧಿ ಕೊಟ್ಟು ಕಾಯೋದೂ ಸೇರಿ ಒಬ್ಬರಿಗೆ ಅರ್ಧ ಗಂಟೆ ಬೇಕು, ಸಂತೆ ದಿನ ಹೊರಗೆ ನಲವತ್ತು ಜನ ಕೂತಿರುವಾಗ ಆಗಲ್ಲ. ನಾನು ಮಾಡ್ಕೊಂಡ ಉಪಾಯ ಅಂದ್ರೆ ಬುಧವಾರ ಶನಿವಾರ ಮಧ್ಯಾಹ್ನ ಅದಕ್ಕೇ ಮೀಸಲು, ನಮ್ಮ ನರ್ಸಮ್ಮನಿಗೆ ಒಂದು ವಾರ ಮೆಡಿಕಲ್ ಕಾಲೇಜಲ್ಲಿ ಕೂತು ಕಲಿತು ಬರೋಕೆ ಕಳಿಸಿದೆ, ಈಗ ಅವರು ನನಗಿಂತ ಚೆನ್ನಾಗಿ ಊದಿಸ್ತಾರೆ. ಮೆಷಿನ್ ಜೊತೆ ಮೂರು ಲೀಟರಿನ ಕ್ಯಾಲಿಬ್ರೇಷನ್ ಸಿರಿಂಜ್ ತಗೊಳ್ಳದೇ ಬರಬೇಡಿ. ಊದಿಸೋ ದಿನ ಬೆಳಿಗ್ಗೆ ಮೊದಲ ಕೆಲಸ ಅದು, ತಕ್ಕಡಿ ಸರಿ ಇದೆಯಾ ಅಂತ ನೋಡದೆ ಅಕ್ಕಿ ತೂಗಬಾರದು ಅಲ್ವಾ. ನಂಬರ್ ನೋಡೋಕೆ ಮುಂಚೆ ಗೆರೆ ನೋಡಿ, ಮೊದಲ ಸೆಕೆಂಡಲ್ಲಿ ಕೆಮ್ಮಿದ್ರೆ, ಅರ್ಧಕ್ಕೆ ನಿಲ್ಲಿಸಿದ್ರೆ, ನಿಧಾನಕ್ಕೆ ಶುರು ಮಾಡಿದ್ರೆ ಆ ಸಲದ್ದು ಬಿಟ್ಟುಬಿಡಿ, ಒಳ್ಳೇ ಎರಡು ಊದಿನ ಮಧ್ಯೆ 150 ಮಿಲಿಲೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಎಂಟು ಸಲ ಊದಿಸಿದ್ರೂ ಬರಲಿಲ್ಲ ಅಂದ್ರೆ ಸುಸ್ತು ಮಾಡಿಸಬೇಡಿ, ಇನ್ನೊಂದು ದಿನ ಕರೀರಿ. ಕೆಟ್ಟ ಟೆಸ್ಟಿಂದ ಬಂದ ತಪ್ಪು ಹಣೆಪಟ್ಟಿ ಟೆಸ್ಟೇ ಮಾಡದೆ ಇರೋದಕ್ಕಿಂತ ಕೆಟ್ಟದ್ದು, ಇದನ್ನ ಒತ್ತಿ ಹೇಳ್ತೀನಿ.

70ರ ಗೆರೆಯನ್ನ ಕಣ್ಣು ಮುಚ್ಚಿ ನಂಬಬೇಡಿ. ತುಂಬಾ ವಯಸ್ಸಾದವರಲ್ಲಿ ಕಾಯಿಲೆ ಇಲ್ಲದೆಯೂ 70ರ ಕೆಳಗೆ ಬರುತ್ತೆ, ಚಿಕ್ಕ ವಯಸ್ಸಿನವರಲ್ಲಿ ಕಾಯಿಲೆ ಇದ್ರೂ ಮೇಲಿರುತ್ತೆ, ಅಂಚಿನಲ್ಲಿ ಬಂದ್ರೆ ಕೆಲವು ತಿಂಗಳು ಬಿಟ್ಟು ಮತ್ತೆ ಊದಿಸಿ. ಪಾಲು ಸರಿ ಇದ್ದು ಒಟ್ಟು ಗಾಳಿಯೇ ಕಮ್ಮಿ ಬಂದ್ರೆ ಅದು ಬೇರೆ ಥರದ ಕಾಯಿಲೆಯ ಸುಳಿವು ಇರಬಹುದು, ನಿಮ್ಮ ಕಡೆ ಧೂಳಿನ ಕೆಲಸ ಜಾಸ್ತಿ, ಅಂಥವರನ್ನ ಇಟ್ಕೋಬೇಡಿ, ಎದೆರೋಗ ತಜ್ಞರಿಗೆ ಕಳಿಸಿ. ಹಳೇ ಟಿಬಿ ಆಗಿ ಗುಣವಾದೋರನ್ನೂ ಕೇಳಿ ತಿಳ್ಕೊಳ್ಳಿ, ಟಿಬಿ ಹೋದ್ರೂ ಅದು ಬಿಟ್ಟುಹೋದ ಗಾಯದಿಂದ ನಾಳ ಕಿರಿದಾಗಿರಬಹುದು, ಮತ್ತೆ ಟಿಬಿ ಬಂತು ಅಂತ ಪಾಪ ಅವರಿಗೆ ಮತ್ತೊಂದು ಕೋರ್ಸ್ ಕೊಟ್ಟುಬಿಡ್ತಾರೆ.

ಪೂರಾ ಮೆಷಿನ್‌ಗೆ ಈಗಲೇ ದುಡ್ಡಿಲ್ಲ ಅಂದ್ರೆ ಅಂಗೈಯಲ್ಲಿ ಹಿಡಿಯೋ ಪುಟ್ಟ ಸಾಧನಗಳಿವೆ, ಆರು ಸೆಕೆಂಡಿನ ಊದಿನಲ್ಲಿ ಮೊದಲ ಸೆಕೆಂಡಿನ ಪಾಲು ತೋರಿಸ್ತವೆ. ರೋಗ ಖಚಿತ ಮಾಡೋಕೆ ಅದು ಸಾಲದು, ಯಾರನ್ನ ಕೊಪ್ಪಳಕ್ಕೆ ಕಳಿಸಬೇಕು ಅಂತ ಜರಡಿ ಹಿಡಿಯೋಕೆ ಸಾಕು. ಇನ್ನೊಂದು, ನಿಮ್ಮೂರಿನ ಆಶಾ ಕಾರ್ಯಕರ್ತೆಯರನ್ನ ಮಾತಾಡಿಸಿ. 30 ವರ್ಷ ದಾಟಿದೋರ ಮನೆಗೆ ಹೋಗಿ ಬಿಪಿ ಶುಗರ್‌ಗೆ ಅಂತ ಫಾರ್ಮ್ ತುಂಬ್ತಾರಲ್ಲ, ಅದರಲ್ಲೇ ಅಡುಗೆಗೆ ಏನು ಉರಿಸ್ತೀರಾ ಅನ್ನೋ ಪ್ರಶ್ನೆನೂ ಇದೆ. ಕಟ್ಟಿಗೆ ಅಂತ ಬರೆದಿರೋರಲ್ಲಿ ಯಾರಿಗೆ ಕೆಮ್ಮಿದೆ ಅಂತ ಕೇಳಿದ್ರೆ ಸಾಕು, ನಿಮ್ಮ ಬುಧವಾರ ಮಧ್ಯಾಹ್ನ ತುಂಬುತ್ತೆ.

ಕಂಡುಹಿಡಿದು ಏನು ಪ್ರಯೋಜನ ಅಂತ ಹಿರಿಯರು ಕೇಳಿದ್ರೆ ಕೆನಡಾದ ವಿಷಯ ಹೇಳಿ. ಮೊದಲು ಫೋನ್ ಮಾಡಿ ಕೆಮ್ಮು ದಮ್ಮು ಇರೋರನ್ನ ಹುಡುಕಿ, ಊದಿಸಿ, ತಮಗೆ ಆಸ್ತಮಾ ಅಥವಾ ಸಿಒಪಿಡಿ ಇದೆ ಅಂತಲೇ ಗೊತ್ತಿಲ್ಲದ 508 ಜನರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪನ್ನ ತಜ್ಞರು ನೋಡಿದ್ರು, ಇನ್ನೊಂದನ್ನ ಅವರವರ ಫ್ಯಾಮಿಲಿ ಡಾಕ್ಟರಿಗೆ ಬಿಟ್ರು. ತಜ್ಞರ ಗುಂಪಿನವರು ಉಸಿರಾಟದ ತೊಂದರೆಗೆ ಅಂತ ಆಸ್ಪತ್ರೆ ಅಲೆದಿದ್ದು ಹೆಚ್ಚು ಕಮ್ಮಿ ಅರ್ಧದಷ್ಟೇ, 2024ರಲ್ಲಿ ಪ್ರಕಟವಾಯ್ತು ಇದು. ನನಗೆ ಮುಖ್ಯ ಅನ್ನಿಸಿದ್ದು ಬೇರೆ, ಫ್ಯಾಮಿಲಿ ಡಾಕ್ಟರಿಗೆ ಬಿಟ್ಟ ಗುಂಪಿನವರ ಕೆಮ್ಮು ದಮ್ಮು, ದಿನನಿತ್ಯದ ಜೀವನ ಕೂಡ ಸುಧಾರಿಸಿತ್ತು.

ಪ್ರಶ್ನೆ: ರಿಪೋರ್ಟಲ್ಲಿ ಎಫ್‌ಇವಿ1 62% ಅಂತ ಬಂದಿದೆ. ಅಂದ್ರೆ ನನ್ನ ಶ್ವಾಸಕೋಶ 62 ಪರ್ಸೆಂಟ್ ಮಾತ್ರ ಉಳಿದಿದೆಯಾ? ರಾತ್ರಿ ನಿದ್ದೆ ಬರ್ತಿಲ್ಲ.
– ಓದುಗರು, ಮಂಗಳೂರು

ಉತ್ತರ: ನಿದ್ದೆ ಮಾಡಿ ಮೊದಲು. 62% ಅಂದ್ರೆ ನಿಮ್ಮ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಅನ್ನೋದರ ಮೇಲೆ ಆರೋಗ್ಯವಂತರು ಸರಾಸರಿ ಎಷ್ಟು ಊದ್ತಾರೋ ಅದರ 62 ಪಾಲು ನೀವು ಮೊದಲ ಸೆಕೆಂಡಲ್ಲಿ ಊದಿದ್ದೀರಿ ಅಂತ. 80ರಿಂದ ಮೇಲಿದ್ರೆ ಆ ನಂಬರ್ ಸಾಮಾನ್ಯವಾಗಿ ಸಹಜ ಅಂತಲೇ ಲೆಕ್ಕ. ಸಿಒಪಿಡಿ ಅಂತ ಖಚಿತವಾದ ಮೇಲೆ 50ರಿಂದ 79ರವರೆಗೆ ಮಧ್ಯಮ ಅಂತ ಗುರುತಿಸ್ತೀವಿ, ಅಂದ್ರೆ ಮಾಡೋಕೆ ಬೇಕಾದಷ್ಟಿದೆ. ಎತ್ತರ ಸರಿಯಾಗಿ ಅಳೆದು ಹಾಕಿದ್ರಾ ಅಂತ ಒಮ್ಮೆ ನೋಡಿ, ಸುಮ್ನೆ ಕೇಳಿ ಹಾಕಿಬಿಟ್ರೆ ಶೇಕಡಾವಾರು ತಪ್ಪಾಗುತ್ತೆ. ಆಮೇಲೆ ಔಷಧಿಗೆ ಮುಂಚಿನ ಸಾಲು, ಆಮೇಲಿನ ಸಾಲು ಎರಡೂ ಹೋಲಿಸಿ. ಪಂಪ್ ಆದ್ಮೇಲೆ ದೊಡ್ಡದಾಗಿ ಜಿಗಿದಿದ್ರೆ ಆಸ್ತಮಾ ಕಡೆಗೆ ತೂಗುತ್ತೆ, ಅದರ ಔಷಧಿ ಕ್ರಮವೇ ಬೇರೆ. ಒಂದು ಹಾಳೆ ನೋಡಿ ನೀವೇ ತೀರ್ಮಾನ ಮಾಡಬೇಡಿ, ಟೆಸ್ಟ್ ಬರೆದುಕೊಟ್ಟೋರ ಮುಂದೆ ಕೂತು ಕೇಳಿ.

ಪ್ರಶ್ನೆ: ಊದೋ ಟೆಸ್ಟ್ ಮಾಡಿ ಪಂಪ್ ಬರೆದಿದ್ದಾರೆ. ಒಂದ್ಸಲ ಶುರು ಮಾಡಿದ್ರೆ ಬಿಡಕ್ಕಾಗಲ್ಲ, ಅದು ಕೊನೇ ಮೆಟ್ಟಿಲು ಅಂತ ಎಲ್ರೂ ಹೇಳ್ತಾರೆ. ಮಾತ್ರೆ ಸಾಲದಾ?
– ಗೃಹಿಣಿ, ಮಂಡ್ಯ

ಉತ್ತರ: ಕೊನೇ ಮೆಟ್ಟಿಲಲ್ಲಮ್ಮ, ಮೊದಲನೇ ಮೆಟ್ಟಿಲು. ಕಣ್ಣಿಗೆ ತೊಂದರೆ ಆದ್ರೆ ಕಣ್ಣಿಗೇ ಡ್ರಾಪ್ಸ್ ಹಾಕ್ತೀವಲ್ಲ, ಪಂಪೂ ಹಾಗೇ, ಎಲ್ಲಿ ಬೇಕೋ ಅಲ್ಲಿಗೇ ಔಷಧಿ, ಅದೂ ಮಾತ್ರೆಯಲ್ಲಿ ಇರೋದರ ಎಷ್ಟೋ ಪಟ್ಟು ಕಮ್ಮಿ ಪ್ರಮಾಣದಲ್ಲಿ. ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ರೆ ಶುಗರ್ ಬರುತ್ತೆ, ಮೂಳೆ ಸವೆಯುತ್ತೆ, ಹೆದರಬೇಕಾದದ್ದು ಅದಕ್ಕೆ. ಚಟ ಅನ್ನೋ ಪ್ರಶ್ನೆಯೇ ಇಲ್ಲ, ಬಿಪಿ ಮಾತ್ರೆ ದಿನಾ ತಗೊಳ್ಳೋರನ್ನ ಯಾರಾದ್ರೂ ಚಟ ಅಂತಾರಾ? ಆದ್ರೆ ಬಳಸೋ ರೀತಿ ಡಾಕ್ಟರ ಮುಂದೆ ಮಾಡಿ ತೋರಿಸಿ, ಒತ್ತೋದೊಂದು ಹೊತ್ತು ಎಳೆಯೋದೊಂದು ಹೊತ್ತು ಆದ್ರೆ ಔಷಧಿ ಪೂರ್ತಿ ಗಂಟಲಲ್ಲೇ ಉಳಿಯುತ್ತೆ. ಸ್ಪೇಸರ್ ಅಂತ ಒಂದು ಡಬ್ಬಿ ಸಿಗುತ್ತೆ, ಅದನ್ನ ಸೇರಿಸಿಕೊಂಡ್ರೆ ಸುಲಭ. ಸ್ಟೀರಾಯ್ಡ್ ಇರೋ ಪಂಪ್ ಆದ್ರೆ ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯೋದು ಮರೀಬೇಡಿ.

ಪ್ರಶ್ನೆ: ನನಗೆ 31, ಐಟಿ ಕೆಲಸ, ಸಿಗರೇಟ್ ಇಲ್ಲ, ಏನೂ ತೊಂದರೆ ಇಲ್ಲ. ಮಾಸ್ಟರ್ ಹೆಲ್ತ್ ಚೆಕಪ್ ಜೊತೆ ಪಿಎಫ್‌ಟಿನೂ ಸೇರಿಸಲಾ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಯಾವ ಲಕ್ಷಣವೂ ಇಲ್ಲದೋರನ್ನ ಸಾಲಾಗಿ ನಿಲ್ಲಿಸಿ ಊದಿಸೋದರಿಂದ ಲಾಭ ಇಲ್ಲ ಅಂತ ಅಮೆರಿಕದ ತಪಾಸಣಾ ಸಮಿತಿ 2016ರಲ್ಲೂ ಹೇಳಿತ್ತು, 2022ರಲ್ಲೂ ಅದನ್ನೇ ಹೇಳಿತು. ಆ ದುಡ್ಡಲ್ಲಿ ಊರಲ್ಲಿರೋ ಅಜ್ಜಿಗೋ ದೊಡ್ಡಮ್ಮನಿಗೋ ಮಾಡಿಸಿ, ಒಲೆ ಮುಂದೆ ಕೂತೋರು ಅವರು.

ಪ್ರಶ್ನೆ: ನೀವು ಎರಡು ತಿಂಗಳ ಹಿಂದೆ ಉತ್ತರ ಕೊಟ್ಟಿದ್ದು ನನ್ನ ಕೆಮ್ಮಿಗೇ. ಊದೋ ಟೆಸ್ಟ್ ಮಾಡಿಸ್ದೆ, ಪಾಲು 66 ಬಂತು, ಪಂಪ್ ಶುರುವಾಗಿದೆ. ಮನೇಲಿ ಗ್ಯಾಸ್ ಬಂದು ಹತ್ತು ವರ್ಷ ಆಯ್ತು, ಆದ್ರೂ ಹೀಗ್ಯಾಕೆ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಮಾಡಿಸಿ ಬರೆದು ತಿಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಮ್ಮ, ಮನಸ್ಸಿಗೆ ಸಮಾಧಾನ ಆಯ್ತು. ಅಡುಗೆಗೆ ಗ್ಯಾಸು ಸರಿ, ಬಚ್ಚಲ ಹಂಡೆಗೆ ಏನು ಉರಿಸ್ತೀರಿ? ನಿಮ್ಮ ಮಲೆನಾಡಲ್ಲಿ ಬೆಳಗಿನ ಜಾವವೇ ಅಡಿಕೆ ಸಿಪ್ಪೆ, ಹಸಿ ಕಟ್ಟಿಗೆ ತುರುಕಿ ಒಲೆ ಹತ್ತಿಸಿದ್ರೆ ಮಳೆಗಾಲದಲ್ಲಿ ಬಚ್ಚಲು ತುಂಬ ಹೊಗೆ, ಕೊಯ್ಲಿನ ಟೈಮಲ್ಲಿ ಅಡಿಕೆ ಬೇಯಿಸೋ ಒಲೆ ಬೇರೆ. ಆ ಹೊಗೆಗೆ ಅಡುಗೆಮನೆ ಬಚ್ಚಲು ಅನ್ನೋ ಭೇದ ಇಲ್ಲ. ಸೋಲಾರ್ ಆಗೋದಾದ್ರೆ ಹಾಕ್ಸಿ, ನಿಮ್ಮ ಕಡೆ ಮಳೆಗಾಲದಲ್ಲಿ ಅದು ನಡೆಯಲ್ಲ ಅನ್ನೋದೂ ಗೊತ್ತು, ಆಗ ಚಿಮಣಿ ಇರೋ ಒಲೆ ಕಟ್ಟಿಸಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನೋರು ರೂಪಿಸಿದ ಅಸ್ತ್ರ ಒಲೆ ನೆನಪಿರಬಹುದು, ಕಮ್ಮಿ ಕಟ್ಟಿಗೆ, ಹೊಗೆ ಕೊಳವೇಲಿ ಮೇಲೆ ಹೋಗುತ್ತೆ, ಆ ಥರದ್ದು ಕಟ್ಟೋ ಕೈಗಳು ಹಳ್ಳಿಗಳಲ್ಲಿ ಈಗಲೂ ಸಿಕ್ತಾರೆ. ಕಟ್ಟಿಗೆಯನ್ನ ಮಳೆಗೆ ಮುಂಚೆ ಒಣಗಿಸಿ ಒಳಗಿಡಿ. ಹಂಡೆಗೆ ಉರಿ ಹಾಕೋ ಕೆಲಸ ಇನ್ಮೇಲೆ ನಿಮ್ಮದಲ್ಲ, ಮನೆಯಲ್ಲಿ ಬೇರೆ ಯಾರಿಗಾದ್ರೂ ವಹಿಸಿ, ಅವರೂ ಉರಿ ಹಾಕಿ ಹೊರಗೆ ಬಂದುಬಿಡಲಿ. ಒಂದು ವರ್ಷ ಬಿಟ್ಟು ಮತ್ತೆ ಊದಿ ಆ ರಿಪೋರ್ಟಿನ ಫೋಟೋನೂ ಕಳಿಸಿ, ಹಳೇದರ ಪಕ್ಕ ಇಟ್ಟು ನೋಡೋಣ.